ಬಿದ್ದ ಮೇಲೆ ಯಾರ ಕಡೆ ತಿರುಗಬೇಕು: ಸೋತು ಕೂತವರಿಗೆ ಒಂದು ಕ್ರೈಸ್ತ ಮಾರ್ಗದರ್ಶಿ

ಒಂದೇ ರಾತ್ರಿ ಇಬ್ಬರು ಶಿಷ್ಯರು ಯೇಸುವಿನ ಕೈಬಿಟ್ಟರು. ಯೂದ 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಪೇತ್ರ ಮೂರು ಸಲ 'ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ' ಅಂದ. ಬೆಳಗಾಗುವ ಹೊತ್ತಿಗೆ ಇಬ್ಬರ ಎದೆಯೂ ಒಡೆದಿತ್ತು. ಮತ್ತಾಯ 27ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಯೂದ ಎಷ್ಟು ಮಾಡಿದ್ದ ಎಂಬುದು ಕಾಣುತ್ತದೆ: ಹಣ ವಾಪಸ್ ಕೊಡಲು ಹೋದ, 'ಪಾಪ ಮಾಡಿದೆ' ಎಂದು ಬಾಯಿಬಿಟ್ಟು ಹೇಳಿದ. ಆದರೆ ಹೇಳಿದ್ದು ಮುಖ್ಯ ಯಾಜಕರ ಮುಂದೆ. 'ಅದು ನಮಗೇನು, ನೀನೇ ನೋಡಿಕೋ' ಎಂದು ಅವರು ಕೈತೊಳೆದುಕೊಂಡರು. ಆಮೇಲೆ ಅವನ ಮಾತಿಗೆ ಕಿವಿಗೊಡುವವರು ಯಾರೂ ಉಳಿಯಲಿಲ್ಲ. ಪೇತ್ರನೂ ಹೊರಗೆ ಹೋಗಿ ಬಹಳವಾಗಿ ಅತ್ತ. ಆದರೆ ಮೂರನೇ ದಿನ ಬೆಳಗ್ಗೆ ಅವನು ಉಳಿದವರ ಜೊತೆಯಲ್ಲೇ ಇದ್ದ, ಯೇಸುವಿನ ಸಮಾಧಿ ಬರಿದಾಗಿದೆ ಎಂಬ ಸುದ್ದಿ ಕೇಳಿದ್ದೇ ಅಲ್ಲಿಗೆ ಓಡಿದ. ಒಬ್ಬ ತನ್ನ ತಪ್ಪನ್ನು ಹೊತ್ತು ಒಂಟಿಯಾಗಿ ನಡೆದ, ಇನ್ನೊಬ್ಬ ತಾನು ಯಾರಿಗೆ ತಪ್ಪು ಮಾಡಿದ್ದನೋ ಅವನ ಕಡೆಗೇ ಓಡಿದ.

ಇಲ್ಲಿರುವ ಹೆಜ್ಜೆಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ. ಕೆಲಸ ಹೋಗಿರಲಿ, ವ್ಯಾಪಾರ ಮುಳುಗಿರಲಿ, ಮದುವೆ ಮುರಿದಿರಲಿ, ಬಿಟ್ಟೆನೆಂದುಕೊಂಡ ಚಟಕ್ಕೆ ಮತ್ತೆ ಬಿದ್ದಿರಲಿ, ಹೆಜ್ಜೆಗಳು ಇವೇ. ಯಾವುದರಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬುದಷ್ಟೇ ಬೇರೆಯಾಗುತ್ತದೆ. ಕ್ರಮವನ್ನು ಮಾತ್ರ ಹಿಂದೆಮುಂದೆ ಮಾಡಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ: ದುಃಖವನ್ನು ದಾಟದೆ ಸ್ತುತಿಗೆ ಹಾರುತ್ತಾರೆ, ಅರಿಕೆ, ಅಂದರೆ ತಪ್ಪೊಪ್ಪಿಗೆ, ಮಾಡದೆ ಸೇವೆಗೆ ಇಳಿಯುತ್ತಾರೆ, ಆರು ತಿಂಗಳ ನಂತರ ಅದೇ ಗುಂಡಿಯಲ್ಲಿ ಮತ್ತೆ ಬಿದ್ದಿರುತ್ತಾರೆ.

ಇನ್ನೊಂದು ಮಾತು, ಪದದ ಬಗ್ಗೆ. ಕನ್ನಡ ಬೈಬಲಿನಲ್ಲಿ ಭರವಸೆಗೆ ಹೆಚ್ಚಾಗಿ ಬಳಸಿರುವುದು 'ನಿರೀಕ್ಷೆ' ಎಂಬ ಪದ. ದಿನಬಳಕೆಯಲ್ಲಿ ನಿರೀಕ್ಷೆ ಎಂದರೆ ಫಲಿತಾಂಶ ಹೀಗೇ ಬರುತ್ತದೆಂಬ ಎಣಿಕೆ. ಬೈಬಲಿನ ನಿರೀಕ್ಷೆ ಫಲಿತಾಂಶಕ್ಕೆ ಕಾಯುವುದಲ್ಲ, ಒಬ್ಬನಿಗಾಗಿ ಕಾಯುವುದು. ರೋಮಾಪುರದವರಿಗೆ ಬರೆದ ಪತ್ರದ 5:3-5ರಲ್ಲಿ ಪೌಲ ಒಂದು ಸರಪಳಿ ಕೊಡುತ್ತಾನೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ. ನಿರೀಕ್ಷೆ ಬರುವುದು ಕೊನೆಯ ಕೊಂಡಿಯಾಗಿ. ಹಾಗಾಗಿ ಮೊದಲ ವಾರ ಮನಸ್ಸಿನಲ್ಲಿ ಅದರ ಸುಳಿವೇ ಇಲ್ಲದಿದ್ದರೆ 'ನನ್ನ ನಂಬಿಕೆಯೇ ಸುಳ್ಳು' ಎಂದುಕೊಳ್ಳಬೇಡಿ. ಇನ್ನೂ ಮೊದಲ ಕೊಂಡಿಯಲ್ಲಿದ್ದೀರಿ, ಅಷ್ಟೇ.

ಮೊದಲ ಮೂರು ದಿನ

1 ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು 'ಸಾಕು, ನನ್ನ ಪ್ರಾಣ ತೆಗೆದುಕೋ, ನಾನು ನನ್ನ ಪಿತೃಗಳಿಗಿಂತ ಉತ್ತಮನಲ್ಲ' ಎನ್ನುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಗದರಲಿಲ್ಲ. ನಿದ್ದೆ ಮಾಡಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲವೂ ಅದೇ. ಮಾತುಕತೆ ಶುರುವಾದದ್ದು ಅದಾದ ಮೇಲೆ.

ಅದನ್ನೇ ಮಾಡಿ. ಮೂರು ದಿನ ಹೊತ್ತುಹೊತ್ತಿಗೆ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ, ನಿದ್ದೆ ಬರದಿದ್ದರೂ ದೀಪ ಆರಿಸಿ ಮಲಗಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಈ ಮೂರು ದಿನ ಉಪವಾಸ ಪ್ರಾರ್ಥನೆಗೆ ಕೂರಬೇಡಿ. ಬಳಲಿದ ದೇಹಕ್ಕೆ ಉಪವಾಸ ಸೇರಿದರೆ ಮನಸ್ಸು ಇನ್ನಷ್ಟು ಕಪ್ಪಾಗುತ್ತದೆ, ಅದನ್ನೇ ದೇವರ ಮೌನವೆಂದು ತಪ್ಪಾಗಿ ಓದುತ್ತೇವೆ. ರಾಜೀನಾಮೆ, ಊರು ಬಿಡುವುದು, ಸಂಬಂಧ ಕಡಿದುಕೊಳ್ಳುವುದು, ಇಂಥ ದೊಡ್ಡ ನಿರ್ಧಾರ ಯಾವುದೂ ಬೇಡ. ಮನಸ್ಸು ಬತ್ತಿದ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬಾರದೆಂದು ಸ್ಪೇನಿನ ಸಂತ ಲೊಯೋಲದ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಹೇಳಿದ್ದರು. ಇಂದಿಗೂ ಅದಕ್ಕಿಂತ ಒಳ್ಳೆಯ ಸಲಹೆ ಸಿಗುವುದು ಕಷ್ಟ. 'ಇದೊಂದು ಸಲ ಪಾರುಮಾಡಿದರೆ ಜೀವನಪೂರ್ತಿ ಹೀಗಿರುತ್ತೇನೆ' ಎಂಬ ಹರಕೆಯನ್ನೂ ಹೊರಬೇಡಿ. ಈಡೇರಿಸಲಾಗದ ಹರಕೆ ಮುಂದೆ ಎರಡನೇ ಸೋಲಾಗಿ ಬಂದು ಕೂರುತ್ತದೆ.

ಪ್ರಾರ್ಥನೆಗೆ ಮಾತು ಹೊರಡದಿದ್ದರೆ ಲೂಕ 18:13ರ ಸುಂಕದವನ ಮಾತು ಸಾಕು: 'ದೇವರೇ, ಪಾಪಿಯಾದ ನನ್ನನ್ನು ಕರುಣಿಸು.' ಉಸಿರು ಎಳೆಯುವಾಗ ಅರ್ಧ, ಉಸಿರು ಬಿಡುವಾಗ ಅರ್ಧ. ದಿನಕ್ಕೆ ಮೂರು ಹೊತ್ತು, ಐದೈದು ನಿಮಿಷ.

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮೂರು ದಿನ ಕಾಯಬೇಡಿ. ಈಗಲೇ ಒಬ್ಬರನ್ನು ಜೊತೆಗೆ ಕರೆದುಕೊಂಡು ವೈದ್ಯರ ಬಳಿ ಹೋಗಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಮರಳದಿದ್ದರೂ ವೈದ್ಯರನ್ನು ಕಾಣಬೇಕು. 'ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ' ಎನ್ನುವವರ ಮಾತು ಕೇಳಬೇಡಿ. ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ದೇಹಕ್ಕೆ ಬೇಕಾದದ್ದನ್ನೇ.

ಒಂದು ಹಾಳೆ, ಮೂರು ಕಾಲಂ

ನಾಲ್ಕನೇ ದಿನದ ಹೊತ್ತಿಗೆ ಪೆನ್ನು ಹಿಡಿಯಿರಿ. ಸೋಲು ತಲೆಯೊಳಗೆ ಒಂದೇ ಮುದ್ದೆಯಾಗಿ ಕೂತಿರುತ್ತದೆ, ಅದನ್ನು ಬಿಡಿಸಬೇಕು. ಹಾಳೆಯಲ್ಲಿ ಎರಡು ಗೀಟು ಎಳೆದು ಮೂರು ಕಾಲಂ ಮಾಡಿ: ಪಾಪ, ತಪ್ಪು, ನಷ್ಟ. ಪಾಪವೆಂದರೆ ಸರಿಯಲ್ಲವೆಂದು ಗೊತ್ತಿದ್ದೂ ಮಾಡಿದ್ದು. ತಪ್ಪೆಂದರೆ ಗೊತ್ತಿಲ್ಲದೆಯೋ ಅನುಭವ ಸಾಲದೆಯೋ ಆದದ್ದು. ನಷ್ಟವೆಂದರೆ ನಿಮ್ಮ ಕೈಮೀರಿ ನಡೆದದ್ದು. ಅರ್ಧ ಗಂಟೆ ಸಾಕು. ಒಂದು ಸಾಲಿಗೆ ಒಂದೇ ಸಂಗತಿ, ಕ್ರಿಯಾಪದದ ಸಮೇತ.

ಸಾಲ ಮಾಡಿ ನಡೆಸಿದ ವ್ಯಾಪಾರವೊಂದು ಮುಚ್ಚಿತು ಎಂದಿಟ್ಟುಕೊಳ್ಳಿ. 'ದೊಡ್ಡ ಗಿರಾಕಿಯೊಬ್ಬ ದಿವಾಳಿಯಾದ', ಇದು ನಷ್ಟ. 'ಲೆಕ್ಕವನ್ನು ವರ್ಷಕ್ಕೊಮ್ಮೆ ಮಾತ್ರ ನೋಡುತ್ತಿದ್ದೆ', ತಪ್ಪು. 'ಸಾಲ ಕೊಟ್ಟ ಭಾವನಿಗೆ ಲಾಭ ಬರುತ್ತಿದೆ ಎಂದು ಸುಳ್ಳು ಹೇಳಿದೆ', ಪಾಪ. 'ಮನೆಯಲ್ಲಿ ಎಂಟು ತಿಂಗಳು ಮುಚ್ಚಿಟ್ಟೆ', ಇದೂ ಪಾಪದ ಕಾಲಮ್ಮಿಗೇ. ನಾಲ್ಕನೆಯ ಜಾತಿಯ ಸಾಲೊಂದು ತಾನಾಗಿ ಬರುತ್ತದೆ: 'ನಾನು ಯಾವುದಕ್ಕೂ ಬಾರದವನು.' ಅದನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ? ಎಲ್ಲೂ ಕೂರುವುದಿಲ್ಲ. ಯಾಕೆಂದರೆ ಅದು ನಡೆದ ಸಂಗತಿಯಲ್ಲ, ತೀರ್ಪು. ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಹಾಳೆಯ ಕೆಳಗೆ ಬರೆದು ಗೀಟು ಹೊಡೆಯಿರಿ.

ಈ ವಿಂಗಡಣೆ ಯಾಕೆ ಇಷ್ಟು ಮುಖ್ಯ ಎಂದರೆ, ಮೂರಕ್ಕೂ ಮದ್ದು ಬೇರೆ. ಪಾಪಕ್ಕೆ ಅರಿಕೆ ಮತ್ತು ಕ್ಷಮೆ, ತಪ್ಪಿಗೆ ಕಲಿಕೆ, ನಷ್ಟಕ್ಕೆ ಅಳು. ನಷ್ಟಕ್ಕಾಗಿ ಕ್ಷಮೆ ಕೇಳುತ್ತಾ ಕೂತವರಿಗೆ ಎಷ್ಟು ಪ್ರಾರ್ಥಿಸಿದರೂ ಸಮಾಧಾನ ಸಿಗುವುದಿಲ್ಲ, ಏಕೆಂದರೆ ಕ್ಷಮಿಸಲು ಅಲ್ಲಿ ಏನೂ ಇಲ್ಲ. ಪಾಪವನ್ನು ನಷ್ಟವೆಂದು ಕರೆದು ಅತ್ತವರಿಗೂ ಅಷ್ಟೇ. 'ಇದು ಯಾವ ಪಾಪಕ್ಕೆ ಬಂದ ಶಿಕ್ಷೆ' ಎಂದು ಅಗೆಯುವವರು ಯೋಹಾನ 9:3 ಓದಬೇಕು. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ ಯೇಸು, ಇವನೂ ಪಾಪ ಮಾಡಲಿಲ್ಲ, ಇವನನ್ನು ಹೆತ್ತವರೂ ಮಾಡಲಿಲ್ಲ ಎಂದನು.

ಹಾಳೆಯನ್ನು ಯಾರಿಗೂ ತೋರಿಸಬೇಕಿಲ್ಲ. ಹರಿಯಬೇಡಿ, ಮುಂದೆ ಬೇಕಾಗುತ್ತದೆ.

ಅಳುವುದಕ್ಕೂ ಒಂದು ಅಚ್ಚಿದೆ

ಕೀರ್ತನೆ 13 ಬರೀ ಆರು ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ 'ಎಷ್ಟರವರೆಗೆ' ಎಂಬ ಕೂಗು. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ನಂಬಿಕೆಯ ಮಾತು. ದೂರು, ಬೇಡಿಕೆ, ನಂಬಿಕೆ, ಇದೇ ಅಚ್ಚು. ಏಳು ದಿನ, ದಿನಕ್ಕೊಮ್ಮೆ, ಬಾಗಿಲು ಹಾಕಿಕೊಂಡು ಇದನ್ನು ಗಟ್ಟಿಯಾಗಿ ಓದಿ. ಆಮೇಲೆ ಅದೇ ಅಚ್ಚಿನಲ್ಲಿ ನಿಮ್ಮ ಮಾತು ಹೊಯ್ಯಿರಿ. ಹೀಗೆ:

'ಕರ್ತನೇ, ಎಷ್ಟು ದಿನ ನಾನು ಬೆಳಗ್ಗೆ ಎದ್ದು ಇದೇ ಗೋಡೆ ನೋಡಬೇಕು? ಎಷ್ಟು ದಿನ ಜನರ ಕಣ್ಣು ತಪ್ಪಿಸಿ ನಡೆಯಬೇಕು? ಇವತ್ತಿನ ಫೋನ್ ಕರೆಯನ್ನು ಎದುರಿಸುವಷ್ಟು ಧೈರ್ಯ ಕೊಡು. ನಿನ್ನ ಪ್ರೀತಿ ನನಗೆ ಕಾಣುತ್ತಿಲ್ಲ, ಆದರೂ ನಿನ್ನನ್ನೇ ಕೂಗುತ್ತಿದ್ದೇನೆ.'

ಕೊನೆಯ ಸಾಲು ಇಷ್ಟೇ ಬಡಕಲಾಗಿದ್ದರೂ ಸಾಕು. ಬೇಡಿಕೆಯ ಸಾಲು ಮಾತ್ರ ಆ ದಿನದ್ದಾಗಿರಲಿ. 'ನನ್ನ ಬಾಳು ಸರಿಮಾಡು' ಎಂದು ಬೇಡಿದರೆ ಉತ್ತರ ಬಂದದ್ದೇ ಗೊತ್ತಾಗುವುದಿಲ್ಲ. 'ಇವತ್ತಿನ ಕರೆ' ಎಂದು ಬೇಡಿದರೆ ಸಂಜೆಗೆ ಗೊತ್ತಾಗುತ್ತದೆ. ನಂಬಿಕೆಯ ಮಾತು ನಾಲಿಗೆಗೇ ಬಾರದ ದಿನ ಕೀರ್ತನೆ 88 ಓದಿ. ಅದು ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅಂಥ ಪ್ರಾರ್ಥನೆಗೂ ದೇವರ ವಾಕ್ಯದೊಳಗೆ ಜಾಗ ಸಿಕ್ಕಿದೆ ಎಂಬುದನ್ನು ನೆನಪಿಡಿ.

'ಸಾಕು ಅತ್ತದ್ದು, ಸ್ತೋತ್ರ ಹೇಳು' ಎಂದು ಅವಸರಿಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪ್ರಲಾಪಗಳು 3ನೇ ಅಧ್ಯಾಯ ನೋಡಿ: 18ನೇ ವಚನದಲ್ಲಿ ನಿರೀಕ್ಷೆ ಹಾಳಾಯಿತೆಂಬ ಮಾತು, 21ರಿಂದ 24ರಲ್ಲಿ ದೇವರ ಕರುಣೆ ದಿನದಿನವೂ ಹೊಸದೆಂಬ ಮಾತು, 48ಕ್ಕೆ ಬಂದರೆ ಮತ್ತೆ ಕಣ್ಣೀರು. ನಿರೀಕ್ಷೆ ಬಂದ ಮೇಲೂ ಅಳು ಬರುತ್ತದೆ, ಅದು ಹಿಂದೆ ಜಾರಿದ್ದಲ್ಲ.

ಅರಿಕೆ

ಈಗ ಹಾಳೆಯ ಮೊದಲ ಕಾಲಂ. ಕೀರ್ತನೆ 32:3ರಲ್ಲಿ, ಸುಮ್ಮನಿದ್ದಾಗ ಎಲುಬುಗಳೇ ಸವೆದುಹೋದವೆಂದು ದಾವೀದ ಹೇಳುತ್ತಾನೆ. 5ನೇ ವಚನದಲ್ಲಿ ಬಾಯಿಬಿಡುತ್ತಾನೆ, ಕ್ಷಮೆಯೂ ಅದೇ ವಚನದಲ್ಲಿದೆ. ಮೊದಲು ದೇವರ ಮುಂದೆ ಆ ಕಾಲಮ್ಮಿನ ಸಾಲುಗಳನ್ನು ಒಂದೊಂದಾಗಿ, ಹೆಸರು ಹೇಳಿ, ಓದಿ. 'ಏನಾದರೂ ತಪ್ಪಾಗಿದ್ದರೆ ಕ್ಷಮಿಸು' ಎಂಬುದು ಅರಿಕೆಯಲ್ಲ. 'ಆದರೆ', 'ಅವರೂ ಹಾಗೇ ಮಾಡಿದ್ದರಿಂದ' ಎಂಬ ಮಾತು ಬಂದ ಕ್ಷಣ ನಿಲ್ಲಿಸಿ, ವಾಕ್ಯವನ್ನು ಮೊದಲಿನಿಂದ ಹೇಳಿ. ಕೊನೆಗೆ 1 ಯೋಹಾನ 1:9ನ್ನು ಗಟ್ಟಿಯಾಗಿ ಓದಿ, ಹಾಳೆಯ ಮೇಲೆ ಆ ದಿನದ ತಾರೀಕು ಬರೆಯಿರಿ.

ಆಮೇಲೆ ಒಬ್ಬ ಮನುಷ್ಯನ ಮುಂದೆ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎನ್ನುತ್ತದೆ. ದೇವರು ಕೇಳಿಸಿಕೊಳ್ಳಲಿಲ್ಲ ಎಂದಲ್ಲ. 'ನಿನಗೆ ಕ್ಷಮೆಯಾಗಿದೆ' ಎಂಬ ಮಾತು ಇನ್ನೊಬ್ಬರ ಬಾಯಿಂದ ಕಿವಿಗೆ ಬೀಳುವವರೆಗೂ ಮನಸ್ಸು ಅದನ್ನು ಸುಲಭಕ್ಕೆ ನಂಬುವುದಿಲ್ಲ. ಕಥೋಲಿಕರಿಗೆ ಇದಕ್ಕೆ ಪಾಪನಿವೇದನೆಯ ಸಂಸ್ಕಾರವಿದೆ. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಬೇರೆ ಸಭೆಗಳವರು ಸಭಾಪಾಲಕರನ್ನೋ ಪಕ್ವವಾದ ಒಬ್ಬ ವಿಶ್ವಾಸಿಯನ್ನೋ ಕೇಳಿಕೊಳ್ಳಬಹುದು. ಆರಿಸುವಾಗ ಮೂರು ನೋಡಿ: ಅವರು ಬೇರೆಯವರ ಗುಟ್ಟನ್ನು ನಿಮಗೆ ಎಂದೂ ಹೇಳಿರಬಾರದು, ನಿಮ್ಮ ಸೋಲಿನಿಂದ ಅವರಿಗೆ ಲಾಭವಾಗಲಿ ನಷ್ಟವಾಗಲಿ ಇರಬಾರದು, ತಮ್ಮದೂ ಒಂದು ತಪ್ಪನ್ನು ಒಪ್ಪಿಕೊಳ್ಳಬಲ್ಲವರಾಗಿರಬೇಕು. ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಒಂದು ಗಂಟೆಯೊಳಗೆ ಮುಗಿಸಿ. 'ಸಲಹೆ ಬೇಡ, ಕೇಳಿ ಪ್ರಾರ್ಥಿಸಿದರೆ ಸಾಕು' ಎಂದು ಆರಂಭದಲ್ಲೇ ಹೇಳಿಬಿಡಿ.

ಇಲ್ಲಿ ಕೆಡುವ ದಾರಿಗಳೂ ಗೊತ್ತಿರಲಿ. ಪ್ರಾರ್ಥನಾ ಗುಂಪಿನಲ್ಲಿ ಎಲ್ಲರ ಮುಂದೆ ಎಲ್ಲವನ್ನೂ ಸುರಿದರೆ ವಾರದೊಳಗೆ ಅದು ಸುದ್ದಿಯಾಗುತ್ತದೆ. ನಡುರಾತ್ರಿ ಸಂಗಾತಿಯನ್ನು ಎಬ್ಬಿಸಿ ಹೇಳಿದರೆ ನಿಮ್ಮ ಎದೆ ಹಗುರಾಗಬಹುದು, ಭಾರ ಅವರ ಮೇಲೆ ಬೀಳುತ್ತದೆ. ಸಂಗಾತಿಗೆ ಹೇಳಬೇಕಾದದ್ದನ್ನು ಹೇಳಲೇಬೇಕು, ಆದರೆ ಹಗಲಲ್ಲಿ, ಅವರು ಪ್ರಶ್ನೆ ಕೇಳಲು, ಸಿಟ್ಟಾಗಲು ಸಮಯವಿರುವಾಗ.

ಸರಿಪಡಿಸುವುದು

ಅರಣ್ಯಕಾಂಡ 5:7ರ ನಿಯಮ ಸ್ಪಷ್ಟ: ಅರಿಕೆ ಮಾಡಬೇಕು, ಕಳೆದದ್ದನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಅದನ್ನೂ ಮೀರಿ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ. ಯೇಸು ಅವನಿಗೆ ಪಟ್ಟಿ ಕೊಟ್ಟಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂರುವವನೊಬ್ಬ ಸಿಕ್ಕಿದ್ದಕ್ಕೇ ಅವನ ಕೈ ಬಿಚ್ಚಿತು. ಕ್ಷಮೆ ಗಳಿಸಲು ಕೊಡುವುದಕ್ಕೂ ಕ್ಷಮೆ ಸಿಕ್ಕಿದ್ದಕ್ಕೆ ಕೊಡುವುದಕ್ಕೂ ಇರುವ ಅಂತರ ಅದು. ಮೊದಲನೆಯದಕ್ಕೆ ಮುಗಿತಾಯವೇ ಇಲ್ಲ.

ಕ್ಷಮಾಪಣೆ ಕೇಳುವಾಗ ಮೂರೇ ವಾಕ್ಯ: ಏನು ಮಾಡಿದೆ, ಅದರಿಂದ ನಿಮಗೇನಾಯಿತು, ಏನು ಸರಿಪಡಿಸುತ್ತೇನೆ ಮತ್ತು ಯಾವಾಗ. ಕಂತಿನಲ್ಲಿ ತೀರಿಸುವುದಾದರೆ ಮೊದಲ ಕಂತಿನ ತಾರೀಕು ಹೇಳಿ, ಮೊತ್ತ ಚಿಕ್ಕದಿರಲಿ, ತಪ್ಪದಿರಲಿ. 'ನನ್ನನ್ನು ಕ್ಷಮಿಸುತ್ತೀರಾ' ಎಂದು ಉತ್ತರಕ್ಕೆ ಕಾಡಬೇಡಿ. ಅವರು ಬಾಗಿಲು ಹಾಕಿದರೆ ಅದು ಅವರ ಹಕ್ಕು. ನೀವು ಎದುರು ಬರುವುದೇ ಅವರಿಗೆ ನೋವೆಂದಾದರೆ ಹೋಗಬೇಡಿ, ಮಧ್ಯಸ್ಥರ ಮೂಲಕ ಸಲ್ಲಬೇಕಾದದ್ದನ್ನು ಸಲ್ಲಿಸಿ.

ಪಾಪ ಒಪ್ಪಿಕೊಂಡ ದಾವೀದ ರಾಜನಿಗೆ ಪ್ರವಾದಿ ನಾತಾನ ಅದೇ ಗಳಿಗೆಯಲ್ಲಿ ಕ್ಷಮೆಯ ಮಾತು ಹೇಳಿದ, 2 ಸಮುವೇಲ 12:13. ಆದರೂ ಅವನು ಮಾಡಿದ್ದರ ಪರಿಣಾಮ ಅವನ ಮನೆಯನ್ನು ಬಿಡಲಿಲ್ಲ. ಸಾಲ, ಕೋರ್ಟು, ಮುರಿದ ನಂಬಿಕೆ ಇವು ಉಳಿದಿವೆ ಎಂದ ಮಾತ್ರಕ್ಕೆ ಕ್ಷಮೆ ಸಿಕ್ಕಿಲ್ಲವೆಂದು ಅರ್ಥವಲ್ಲ. ಎರಡರ ಲೆಕ್ಕವೂ ಬೇರೆ.

ಕ್ಷಮೆಯನ್ನು ತೆಗೆದುಕೊಳ್ಳುವುದು

ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಕಷ್ಟ. ಲೂಕ 15ರ ಕಥೆಯಲ್ಲಿ ತಂದೆಯ ಆಸ್ತಿಯ ಪಾಲನ್ನು ಹಾಳುಮಾಡಿಕೊಂಡ ಕಿರಿಯ ಮಗ ಹಂದಿಗಳ ನಡುವೆ ಕೂತು ಒಂದು ಮಾತು ಸಿದ್ಧಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಭಾಗ: ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. 18-19ನೇ ವಚನಗಳನ್ನೂ 21-22ನ್ನೂ ಪಕ್ಕಪಕ್ಕ ಇಟ್ಟು ಓದಿ. ತಂದೆಯ ಮುಂದೆ ಮೊದಲ ಎರಡು ಭಾಗ ಹೇಳುತ್ತಾನೆ. ಮೂರನೆಯದು ಬಾಯಿಂದ ಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಆಳುಗಳಿಗೆ ನಿಲುವಂಗಿ ತರಲು ಹೇಳುತ್ತಿದ್ದಾನೆ. ನಾವು ಸಾಮಾನ್ಯವಾಗಿ ಹಿಡಿದುಕೊಂಡು ಕೂರುವುದು ಆ ಮೂರನೇ ಭಾಗವನ್ನೇ: 'ಕ್ಷಮಿಸು, ಆದರೆ ಇನ್ನು ಆಳಿನಂತೆ ಮೂಲೆಯಲ್ಲಿರುತ್ತೇನೆ.' ನೀವು ದೇವರೆದುರು ಹೇಳುವ ಮಾತಿನಲ್ಲಿ ಆ ಸಾಲು ಯಾವುದೆಂದು ಹುಡುಕಿ, ಬಿಟ್ಟುಬಿಡಿ.

ಹಳೆಯದು ಮತ್ತೆ ಕುಟುಕುತ್ತದೆ, ಹೆಚ್ಚಾಗಿ ರಾತ್ರಿ. ಆಗ ಅದು ಪವಿತ್ರಾತ್ಮನ ಎಚ್ಚರಿಕೆಯೋ ಬರೀ ದೂರೋ ಎಂದು ತೂಗಿ ನೋಡಿ. ಪ್ರಕಟನೆ 12:10 ಸೈತಾನನನ್ನು ದೂರುಗಾರನೆಂದೇ ಕರೆಯುತ್ತದೆ. ಎಚ್ಚರಿಕೆ ಒಂದು ಸಂಗತಿಯನ್ನು ಬೊಟ್ಟುಮಾಡಿ ತೋರಿಸುತ್ತದೆ, ಮಾಡಬೇಕಾದ ಒಂದು ಕೆಲಸ ಹೇಳುತ್ತದೆ, ದೇವರ ಕಡೆ ತಳ್ಳುತ್ತದೆ. ದೂರು 'ನೀನು ಯಾವಾಗಲೂ ಹೀಗೇ' ಎನ್ನುತ್ತದೆ, ಮಾಡಲು ಏನನ್ನೂ ಹೇಳುವುದಿಲ್ಲ, ಅಡಗಿಕೊಳ್ಳಲು ಹೇಳುತ್ತದೆ. ಹಾಳೆ ತೆಗೆದು ನೋಡಿ. ಆ ಸಂಗತಿಗೆ ತಾರೀಕು ಬಿದ್ದಿದ್ದರೆ ಮತ್ತೆ ಅರಿಕೆ ಮಾಡಬೇಕಿಲ್ಲ, ತಾರೀಕಿನ ಮೇಲೆ ಬೆರಳಿಟ್ಟು ರೋಮಾಪುರದವರಿಗೆ 8:1 ಓದಿ ಮಲಗಿ. ಹಾಳೆಯಲ್ಲಿಲ್ಲದ ಹೊಸ ಸಂಗತಿಯಾದರೆ ಬರೆದುಕೊಂಡು ಬೆಳಗ್ಗೆ ನೋಡಿ.

ವಾಕ್ಯ ಓದುವಾಗ

ಒಂದು ವಚನ ಕಿತ್ತು ಗೋಡೆಗೆ ಅಂಟಿಸಿದರೆ ಅದು ಕೆಲವು ವಾರದಲ್ಲೇ ಚುಚ್ಚತೊಡಗುತ್ತದೆ. ಯೆರೆಮೀಯ 29:11 ಎಲ್ಲರಿಗೂ ಬಾಯಿಪಾಠ: ಕೇಡಿನದಲ್ಲ, ಹಿತದ ಯೋಚನೆ. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ. 5ನೇ ವಚನದಲ್ಲಿ, ಸೆರೆಯಾಗಿ ಹೋದ ಊರಿನಲ್ಲೇ ಮನೆ ಕಟ್ಟಿ, ತೋಟ ಮಾಡಿ ಎಂದಿದೆ. ಮುಂದಿನ ತಿಂಗಳು ಕೆಲಸ ಸಿಗುತ್ತದೆಂಬ ಭಾಷೆ ಅಲ್ಲಿಲ್ಲ. ಸೋತ ಜಾಗದಲ್ಲೇ ಗಿಡ ನೆಡುವ ಧೈರ್ಯವಿದೆ, ಅದು ಇನ್ನೂ ದೊಡ್ಡದು.

ಹಾಗಾಗಿ ಅಧ್ಯಾಯಗಳನ್ನೇ ಓದಿ. ಮೊದಲ ವಾರ ಕೀರ್ತನೆ 13, 32, 51. ಎರಡನೇ ವಾರ ಲೂಕ 15 ಮತ್ತು 22, ಯೋಹಾನ 21. ಮೂರನೆಯದು ರೋಮಾಪುರದವರಿಗೆ 5 ಮತ್ತು 8. ನಾಲ್ಕನೆಯದು 2 ಕೊರಿಂಥ 1, 4, 12. ಬದುಕುವ ಆಸೆಯನ್ನೇ ಬಿಟ್ಟೆವೆಂದು ಪೌಲ ಒಪ್ಪಿಕೊಳ್ಳುವುದೂ, ದೇಹದಲ್ಲಿ ಶೂಲದಂತೆ ನಾಟಿದ್ದ ಬಾಧೆಯನ್ನು ತೆಗೆಯೆಂದು ಮೂರು ಸಲ ಬೇಡಿದರೂ ತೆಗೆಯದೆ 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಪಡೆಯುವುದೂ ಅಲ್ಲೇ. ದಿನಕ್ಕೆ ಒಂದೇ ಅಧ್ಯಾಯ, ವಾರದಲ್ಲಿ ಅದನ್ನೇ ಎರಡು ಮೂರು ಸಲ.

ಮತ್ತೆ ಜನರ ನಡುವೆ

ಆರಾಧನೆಗೆ ಹೋಗುವುದನ್ನು ನಿಲ್ಲಿಸಿದ್ದರೆ ಮುಂದಿನ ಭಾನುವಾರವೇ ಹೋಗಿ. ಹಿಂದಿನ ಸಾಲಿನಲ್ಲಿ ಕೂರಬಹುದು, ಮುಗಿದ ಕೂಡಲೇ ಎದ್ದು ಬರಬಹುದು. ಹಾಡಲಾಗದಿದ್ದರೆ ಬೇರೆಯವರು ಹಾಡುವುದನ್ನು ಕೇಳಿ. ನಿಮ್ಮ ನಂಬಿಕೆ ಸೊರಗಿದ ದಿನ ಅವರ ನಂಬಿಕೆ ನಿಮ್ಮನ್ನು ಹೊರುತ್ತದೆ, ಸಭೆ ಇರುವುದೇ ಅದಕ್ಕೆ. ಯಾರಾದರೂ ವಿಚಾರಿಸಿದರೆ ಹೇಳಲು ಒಂದು ವಾಕ್ಯ ಸಿದ್ಧವಿರಲಿ: 'ಕಷ್ಟದಲ್ಲಿದ್ದೇನೆ, ಪ್ರಾರ್ಥಿಸಿ, ವಿವರ ಇನ್ನೊಮ್ಮೆ ಹೇಳುತ್ತೇನೆ.'

ಸಾಕ್ಷಿ ಹೇಳಲು ವೇದಿಕೆಗೆ ಕರೆದರೆ ಒಂದು ವರ್ಷವಾದರೂ ಒಪ್ಪಿಕೊಳ್ಳಬೇಡಿ. ಗಾಯ ಮಾಯುವ ಮೊದಲೇ ಪಟ್ಟಿ ಬಿಚ್ಚಿ ತೋರಿಸಿದರೆ ಕೀವು ಕಟ್ಟುತ್ತದೆ. ಸಭೆಯ ಜವಾಬ್ದಾರಿಯಲ್ಲಿದ್ದು ಬಿದ್ದವರು ಮೊದಲು ಆ ಜವಾಬ್ದಾರಿಯಿಂದ ಇಳಿಯಬೇಕು. ಕ್ಷಮೆ ಒಂದು ಗಳಿಗೆಯ ಮಾತು, ಜನರ ನಂಬಿಕೆ ವರ್ಷಗಳ ಮಾತು.

ಪೌಲ ಮತ್ತು ಬಾರ್ನಬರ ಸುವಾರ್ತಾ ಪ್ರಯಾಣದಲ್ಲಿ ಜೊತೆಗಿದ್ದ ಮಾರ್ಕನ ಲೆಕ್ಕ ನೋಡಿ. ಪೆರ್ಗೆಯಲ್ಲಿ ಅವನು ಪೌಲನನ್ನು ಬಿಟ್ಟು ಹಿಂದಿರುಗಿದ, ಅಪೊಸ್ತಲರ ಕೃತ್ಯಗಳು 13:13. ಅವನನ್ನು ಮತ್ತೆ ಕರೆದೊಯ್ಯುವ ವಿಚಾರಕ್ಕೆ ಪೌಲನಿಗೂ ಬಾರ್ನಬನಿಗೂ ಜಗಳವಾಗಿ ಇಬ್ಬರೂ ಬೇರೆ ದಾರಿ ಹಿಡಿದರು. ಬಾರ್ನಬ ಅವನನ್ನು ಜೊತೆಗೆ ಕರೆದುಕೊಂಡು ಹೋದ. 'ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ' ಎಂದು ಪೌಲನ ಹೆಸರಿನ ಪತ್ರದಲ್ಲಿ ಬರುವುದು ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, 2 ತಿಮೊಥೆ 4:11. ನಡುವಿನ ವರ್ಷಗಳಲ್ಲಿ ಅವನಿಗೆ ಬೇಕಾಗಿದ್ದದ್ದು ಒಬ್ಬ ಬಾರ್ನಬ. ನಿಮಗೂ ಒಬ್ಬರು ಬೇಕು: ವಾರಕ್ಕೊಮ್ಮೆ, ಅರ್ಧ ಗಂಟೆ, ಮೂರು ತಿಂಗಳು. ಅವರು ಕೇಳಬೇಕಾದ ಪ್ರಶ್ನೆ ಎರಡು: ನಿದ್ದೆ ಹೇಗಿದೆ, ಹಾಳೆಯಲ್ಲಿ ಯಾವ ಸಾಲು ಬಾಕಿ ಇದೆ.

ಕೆಲಸಕ್ಕೆ ಮರಳುವುದು ಚಿಕ್ಕದರಿಂದ. ಪೇತ್ರ ತಣ್ಣನೆಯ ರಾತ್ರಿಯಲ್ಲಿ ಕೆಂಡದ ಮುಂದೆ ನಿಂತು ಅಲ್ಲಗಳೆದಿದ್ದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕೆಂಡದ ಬೆಂಕಿಯ ಆ ಪದ ಬರುವುದು ಎರಡೇ ಕಡೆ, ಯೋಹಾನ 18:18 ಮತ್ತು 21:9. ಎರಡನೆಯದು ಯೇಸು ಸತ್ತು ಎದ್ದ ಮೇಲೆ ಸರೋವರದ ದಡದಲ್ಲಿ ಕಂಡ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ, ಹೊತ್ತಿಸಿದವನು ಯೇಸು. ಮೊದಲು ಊಟ, ಆಮೇಲೆ ಪ್ರಶ್ನೆ. 'ಯಾಕೆ ಹಾಗೆ ಮಾಡಿದೆ' ಎಂದು ಕೇಳಲಿಲ್ಲ. 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು ಮೇಯಿಸುವ, ಕಾಯುವ ಕೆಲಸ ಕೊಟ್ಟನು. ಮೂರನೆಯದಕ್ಕೆ ಪೇತ್ರನಿಗೆ ನೋವಾಯಿತೆಂದು 17ನೇ ವಚನ ಹೇಳುತ್ತದೆ. ಮತ್ತೆ ಎತ್ತಿ ನಿಲ್ಲಿಸುವಾಗಲೂ ನೋಯುತ್ತದೆ.

ನಿಮ್ಮ ಕೆಲಸವೂ ಯಾರಾದರೂ ಒಬ್ಬರನ್ನು ಮೇಯಿಸುವಂಥದ್ದಾಗಿರಲಿ: ಆರಾಧನೆಯ ನಂತರ ಕುರ್ಚಿ ಜೋಡಿಸುವುದು, ಹಾಸಿಗೆ ಹಿಡಿದವರಿಗೆ ವಾರಕ್ಕೊಮ್ಮೆ ಕೀರ್ತನೆ ಓದಿ ಹೇಳುವುದು, ಒಂದು ಮಗುವಿಗೆ ಲೆಕ್ಕ ಹೇಳಿಕೊಡುವುದು. ಒಂದೇ ಒಂದು, ವಾರಕ್ಕೆ ಎರಡು ಗಂಟೆಗಿಂತ ಹೆಚ್ಚಿಲ್ಲ, ಹೆಸರು ಬರದ ಕೆಲಸ. ಹಳೆಯ ಸೋಲನ್ನು ತೊಳೆಯಲು ಎಂದು ಏಳು ಕೆಲಸ ಹೊತ್ತವರು ಮೂರನೇ ತಿಂಗಳಿಗೆ ಕುಸಿಯುತ್ತಾರೆ.

ವರ್ಷ ತಿರುಗಿ ಅದೇ ತಾರೀಕು ಬಂದಾಗ ಎದೆ ಮತ್ತೆ ಹಿಂಡುತ್ತದೆ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ. ಆ ದಿನ ಒಬ್ಬರೇ ಇರಬೇಡಿ, ನಿಮ್ಮ ಬಾರ್ನಬನನ್ನು ಊಟಕ್ಕೆ ಕರೆಯಿರಿ, ಇಬ್ಬರೂ ಸೇರಿ ಕೀರ್ತನೆ 32 ಓದಿ. ಹಾಳೆಯಲ್ಲಿ ತೀರಿದ ಸಾಲುಗಳ ಮುಂದೆ ಟಿಕ್ ಹಾಕಿ. ತೀರದೆ ಉಳಿದದ್ದು ಇದ್ದರೆ ಅದನ್ನು ಮಾತ್ರ ಹೊಸ ಹಾಳೆಗೆ ಬರೆದುಕೊಂಡು ಹಳೆಯದನ್ನು ಹರಿದುಹಾಕಿ.